‘ಸಾಮಾನ್ಯ ವರ್ಷ’ ಎಂದರೆ ಯಾವ ವರ್ಷ? ಸಂಚಿತ ಆವೃತ್ತಿಯನ್ನು ಹವಾಮಾನದ ಮೂಲಕ ಕಲಿಸುವ ಒಂದು ಪಾಠ

ತರಗತಿ: 10
ವಿಷಯ: ಗಣಿತ
ಘಟಕ: ಸಂಖ್ಯಾಶಾಸ್ತ್ರ
ಉಪಘಟಕ: ಸರಾಸರಿಯ ಮಿತಿ, ಸಂಚಿತ ಆವೃತ್ತಿ, ಭಾರಿತ ಸರಾಸರಿ
ಅವಧಿ: 40 ನಿಮಿಷಗಳ ಎರಡು ಅವಧಿಗಳು

1. ಈ ಪಾಠವನ್ನು ಆರಿಸಿಕೊಂಡ ಕಾರಣ

ಅಭ್ಯಾಸ ಬೋಧನೆಗೆ ಸಂಖ್ಯಾಶಾಸ್ತ್ರ ಘಟಕವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಹಲವರು. ಸೂತ್ರ ಸಿದ್ಧವಾಗಿದೆ, ಕೋಷ್ಟಕ ಸಿದ್ಧವಾಗಿದೆ, ಕಪ್ಪುಹಲಗೆಯ ಕೆಲಸ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಪಾಠ ಮುಗಿದ ಮೇಲೆ ‘ಸರಾಸರಿ 34.3 ಬಂತಲ್ಲ, ಅದರಿಂದ ಏನು ತಿಳಿಯಿತು?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಓಜೀವ್ ವಕ್ರರೇಖೆಯ ಸ್ಥಿತಿಯೂ ಇದೇ. ಮಕ್ಕಳು ಬಿಂದುಗಳನ್ನು ಸರಿಯಾಗಿ ಗುರುತಿಸಿ ಅಂದವಾಗಿ ಎಳೆಯುತ್ತಾರೆ. ಅದನ್ನು ಏಕೆ ಎಳೆದೆವು ಎಂಬುದು ಮಾತ್ರ ಅವರಿಗೆ ಗೊತ್ತಿರುವುದಿಲ್ಲ.

ಓಜೀವ್ ಇಲ್ಲದೆ ಉತ್ತರವೇ ಸಿಗದಂಥ ಒಂದು ಪ್ರಶ್ನೆಯನ್ನು ತರಗತಿಗೆ ಒಯ್ಯಬೇಕು ಎಂಬುದು ಈ ಪಾಠದ ಉದ್ದೇಶ. ಆ ಪ್ರಶ್ನೆ ಹೀಗಿದೆ: ಒಂದು ಊರಿನ 30 ವರ್ಷಗಳ ಹವಾಮಾನವನ್ನು ಒಂದೇ ಒಂದು ವರ್ಷದಲ್ಲಿ ತೋರಿಸಬೇಕಾದರೆ ಯಾವ ವರ್ಷವನ್ನು ಆರಿಸಬೇಕು? ಇದು ಪಾಠಕ್ಕೆಂದು ಹುಟ್ಟಿಸಿದ ಪ್ರಶ್ನೆಯಲ್ಲ. ಕಟ್ಟಡ ವಿನ್ಯಾಸ ಮಾಡುವ ಎಂಜಿನಿಯರುಗಳು ಸುಮಾರು ಅರ್ಧ ಶತಮಾನದಿಂದ ಇದಕ್ಕೆ ಉತ್ತರ ಹುಡುಕುತ್ತ ಬಂದಿದ್ದಾರೆ, ಮತ್ತು ಅವರು ಬಳಸುವ ಮುಖ್ಯ ಸಾಧನ ನಮ್ಮ 10ನೇ ತರಗತಿಯ ಸಂಚಿತ ಆವೃತ್ತಿಯೇ.

2. ಶಿಕ್ಷಕರು ತಿಳಿದಿರಬೇಕಾದ ವಿಷಯ

ಒಂದು ಕಟ್ಟಡ ಕಟ್ಟುವ ಮೊದಲೇ ಅದಕ್ಕೆ ವರ್ಷಕ್ಕೆ ಎಷ್ಟು ವಿದ್ಯುತ್ ಬೇಕಾಗುತ್ತದೆ ಎಂದು ಅಂದಾಜು ಮಾಡುವ ಕಂಪ್ಯೂಟರ್ ಪ್ರೋಗ್ರಾಂಗಳಿವೆ. ಅಮೆರಿಕದ ಇಂಧನ ಇಲಾಖೆಯ ಎನರ್ಜಿಪ್ಲಸ್ ಅವುಗಳಲ್ಲಿ ಹೆಸರಾದದ್ದು. ಗೋಡೆಯ ದಪ್ಪ, ಛಾವಣಿಯ ವಸ್ತು, ಕಿಟಕಿಯ ದಿಕ್ಕು, ಒಳಗಿರುವ ಜನ, ದೀಪ, ಯಂತ್ರ ಎಲ್ಲವನ್ನೂ ಕೊಟ್ಟರೆ ಪ್ರೋಗ್ರಾಂ ವರ್ಷದ ಪ್ರತಿ ಗಂಟೆಗೂ ಒಳಗಿನ ಸೆಕೆಯನ್ನು ಲೆಕ್ಕ ಹಾಕುತ್ತದೆ. ಇದನ್ನು ಸಿಮ್ಯುಲೇಷನ್ ಎನ್ನುತ್ತಾರೆ.

ಅದಕ್ಕೆ ಹೊರಗಿನ ಹವೆಯ ವಿವರವೂ ಗಂಟೆಗಂಟೆಗೆ ಬೇಕು. ವರ್ಷಕ್ಕೆ 365 × 24 = 8760 ಗಂಟೆಗಳು. ಎನರ್ಜಿಪ್ಲಸ್ ಓದುವ ಹವಾಮಾನ ಕಡತದಲ್ಲಿ ಊರು, ಅಕ್ಷಾಂಶ, ರೇಖಾಂಶ, ಎತ್ತರ ಮುಂತಾದವನ್ನು ಹೇಳುವ 8 ಸಾಲುಗಳಿದ್ದು, ಅವುಗಳ ಕೆಳಗೆ ಗಂಟೆಗೊಂದರಂತೆ 8760 ಸಾಲುಗಳಿರುತ್ತವೆ. ಗಾಳಿಯ ಉಷ್ಣಾಂಶ, ತೇವ, ಗಾಳಿಯ ವೇಗ ಮತ್ತು ದಿಕ್ಕು, ಬಿಸಿಲಿನ ಪ್ರಮಾಣ ಇವೆಲ್ಲ ಪ್ರತಿ ಸಾಲಿನಲ್ಲೂ ಇರುತ್ತವೆ.

ಯಾವ ವರ್ಷದ 8760 ಗಂಟೆಗಳು? ಕಳೆದ ವರ್ಷ ಅತಿ ಸೆಕೆಯದಾಗಿರಬಹುದು, ಅದರ ಹಿಂದಿನದು ಮೋಡದ ವರ್ಷವಾಗಿರಬಹುದು. ಇದಕ್ಕೆ ದೊರೆತ ಎರಡು ಉತ್ತರಗಳು ನಮ್ಮ ಪಾಠಕ್ಕೆ ಬೇಕು.

ಮೊದಲನೆಯದು 1976ರಲ್ಲಿ ಅಮೆರಿಕದಲ್ಲಿ 60 ಊರುಗಳಿಗೆ ಸಿದ್ಧಪಡಿಸಿದ ‘ಪರೀಕ್ಷಾ ಆಧಾರ ವರ್ಷ’. ಲಭ್ಯವಿರುವ ವರ್ಷಗಳಲ್ಲಿ ಯಾವುದರ ತಿಂಗಳ ಸರಾಸರಿ ಉಷ್ಣಾಂಶ ಅತಿ ಹೆಚ್ಚು ಅಥವಾ ಅತಿ ಕಡಿಮೆಯೋ ಆ ವರ್ಷವನ್ನು ತೆಗೆದುಹಾಕುವುದು, ಹೀಗೆ ಒಂದೊಂದಾಗಿ ತೆಗೆಯುತ್ತ ಕೊನೆಗೆ ಉಳಿದ ಒಂದು ವರ್ಷವನ್ನು ಇಟ್ಟುಕೊಳ್ಳುವುದು. ವಿಧಾನ ಸುಲಭ. ಆದರೆ ಹೀಗೆ ಉಳಿಯುವುದು ಸಹಜವಾಗಿಯೇ ಸಪ್ಪೆ ವರ್ಷ. ಜೊತೆಗೆ ಆ ಕಡತಗಳಲ್ಲಿ ಬಿಸಿಲಿನ ಅಳತೆಯೇ ಇರಲಿಲ್ಲ.

ಎರಡನೆಯದು 1978ರಲ್ಲಿ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ ರೂಪಿಸಿದ ‘ಮಾದರಿ ಹವಾಮಾನ ವರ್ಷ’. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ಟಿ.ಎಂ.ವೈ. ಎಂದು ಕರೆಯುತ್ತಾರೆ. ಇಲ್ಲಿ ಇಡೀ ವರ್ಷವನ್ನು ಆರಿಸುವುದಿಲ್ಲ, ತಿಂಗಳುಗಳನ್ನು ಬೇರೆ ಬೇರೆಯಾಗಿ ಆರಿಸುತ್ತಾರೆ. ಎಲ್ಲ ವರ್ಷಗಳ ಜನವರಿಗಳಲ್ಲಿ ಹೆಚ್ಚು ಸಾಮಾನ್ಯವಾದ ಜನವರಿ ಒಂದು, ಎಲ್ಲ ಫೆಬ್ರವರಿಗಳಲ್ಲಿ ಸಾಮಾನ್ಯವಾದದ್ದು ಒಂದು, ಹೀಗೆ 12 ತಿಂಗಳನ್ನು 12 ಬೇರೆ ವರ್ಷಗಳಿಂದಲೂ ತಂದು ಜೋಡಿಸಬಹುದು. ತಿಂಗಳು ಬದಲಾಗುವಲ್ಲಿ ಉಷ್ಣಾಂಶ ಥಟ್ಟನೆ ಜಿಗಿಯದಂತೆ ಗಡಿಯ ಎರಡೂ ಬದಿಯ 6 ಗಂಟೆಗಳ ಅಂಕಿಗಳನ್ನು ನಯಗೊಳಿಸುತ್ತಾರೆ. ಆದ್ದರಿಂದ ಈ ‘ವರ್ಷ’ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಆದರೂ ಅದರೊಳಗಿನ ಒಂದೊಂದು ತಿಂಗಳೂ ನಿಜವಾಗಿ ಕಳೆದುಹೋದ ತಿಂಗಳೇ.

‘ಸಾಮಾನ್ಯ’ ಎಂದು ತೀರ್ಮಾನಿಸುವುದು ಹೇಗೆ? ಪ್ರತಿ ದಿನಕ್ಕೂ 9 ಅಂಶಗಳನ್ನು ನೋಡುತ್ತಾರೆ: ಗಾಳಿಯ ಉಷ್ಣಾಂಶದ ಗರಿಷ್ಠ, ಕನಿಷ್ಠ, ಸರಾಸರಿ, ಇಬ್ಬನಿ ಬಿಂದುವಿನ ಗರಿಷ್ಠ, ಕನಿಷ್ಠ, ಸರಾಸರಿ, ಗಾಳಿಯ ವೇಗದ ಗರಿಷ್ಠ, ಸರಾಸರಿ, ಆ ದಿನ ನೆಲಕ್ಕೆ ಬಿದ್ದ ಒಟ್ಟು ಬಿಸಿಲು. ಪ್ರತಿಯೊಂದಕ್ಕೂ ಎಲ್ಲ ವರ್ಷಗಳ ಆ ತಿಂಗಳಿನ ಸಂಚಿತ ಆವೃತ್ತಿ ರೇಖೆ ಒಂದು, ಒಂದೇ ವರ್ಷದ ಆ ತಿಂಗಳಿನ ರೇಖೆ ಇನ್ನೊಂದು. ಎರಡರ ನಡುವಿನ ಅಂತರಗಳ ಸರಾಸರಿ ತೆಗೆಯುತ್ತಾರೆ. ಇದಕ್ಕೆ ಫಿಂಕೆಲ್‌ಸ್ಟೈನ್–ಶೇಫರ್ ಅಳತೆ ಎಂದು ಹೆಸರು. 9 ಅಂಶಗಳ ಅಂತರಗಳಿಗೆ ತೂಕ ಕೊಟ್ಟು ಕೂಡಿಸಿ, ಅತಿ ಕಡಿಮೆ ಬಂದ 5 ತಿಂಗಳುಗಳನ್ನು ಇಟ್ಟುಕೊಳ್ಳುತ್ತಾರೆ. ನಂತರ ಸರಾಸರಿ, ಮಧ್ಯಾಂಕ ಮತ್ತು ಬಿಸಿ ದಿನ, ತಂಪು ದಿನ, ಮಂಕು ದಿನಗಳು ಎಷ್ಟು ಕಾಲ ಒಂದರ ಹಿಂದೆ ಒಂದು ಬಂದವು ಎಂಬುದನ್ನು ನೋಡಿ ಒಂದನ್ನು ಆರಿಸುತ್ತಾರೆ.

ಈ ಕ್ರಮ ಮುಂದೆ ಪರಿಷ್ಕಾರಗೊಂಡಿತು. 1961ರಿಂದ 1990ರವರೆಗಿನ ಅಂಕಿಗಳಿಂದ 239 ಸ್ಥಳಗಳಿಗೆ ಎರಡನೇ ಆವೃತ್ತಿ ಬಂತು. 2008ರ ಮೂರನೇ ಆವೃತ್ತಿಯಲ್ಲಿ 1020 ಸ್ಥಳಗಳಿದ್ದವು. ಭಾರತದಲ್ಲಿ ಶಾಖ, ಶೈತ್ಯೀಕರಣ ಮತ್ತು ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಇಶ್ರೇ 58 ಊರುಗಳಿಗೆ ಇಂಥ ಕಡತಗಳನ್ನು ಸಿದ್ಧಪಡಿಸಿತು. ಬೆಂಗಳೂರು ಅದರಲ್ಲಿದೆ. ನಮ್ಮ ದೇಶದ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ 2007ರಲ್ಲಿ ಹೊರಬಂತು. ಅದು ದೇಶವನ್ನು 5 ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಅದರಂತೆ ಬೆಂಗಳೂರು ಸಮಶೀತೋಷ್ಣ ವಲಯದ್ದು, ಮಂಗಳೂರು ಬಿಸಿ ಮತ್ತು ತೇವದ ವಲಯದ್ದು.

3. ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು

- ಮೊದಲು ಸರಾಸರಿ ತೆಗೆದು ನಂತರ ಲೆಕ್ಕ ಮಾಡುವುದಕ್ಕೂ, ಮೊದಲು ಲೆಕ್ಕ ಮಾಡಿ ನಂತರ ಸರಾಸರಿ ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸುವನು/ಳು.
- ಎರಡು ದತ್ತಾಂಶ ಗುಂಪುಗಳ ಸಂಚಿತ ಆವೃತ್ತಿಗಳನ್ನು ಹೋಲಿಸಿ ಯಾವುದು ಒಟ್ಟಾರೆ ಗುಂಪಿಗೆ ಹತ್ತಿರ ಎಂದು ನಿರ್ಧರಿಸುವನು/ಳು.
- ತೂಕ ಬದಲಾದರೆ ಆಯ್ಕೆ ಬದಲಾಗಬಹುದು ಎಂಬುದನ್ನು ಲೆಕ್ಕ ಮಾಡಿ ತೋರಿಸುವನು/ಳು.
- ‘ಸಾಮಾನ್ಯ ವರ್ಷ’ದ ಅಂಕಿಯಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂದು ಹೇಳುವನು/ಳು.

ಪೂರ್ವಜ್ಞಾನ: ಸರಾಸರಿ, ಮಧ್ಯಾಂಕ, ಆವೃತ್ತಿ ವಿತರಣಾ ಪಟ್ಟಿ, ಓಜೀವ್ ಎಳೆಯುವ ಕ್ರಮ.

ಬೋಧನೋಪಕರಣಗಳು: 40 ಚೀಟಿಗಳು (ಹತ್ತರ ನಾಲ್ಕು ಕಟ್ಟು), ಗ್ರಾಫ್ ಹಾಳೆ, ನಾಲ್ಕು ಬಣ್ಣದ ಪೆನ್ಸಿಲ್, ಒಂದು ಸ್ಟೀಲ್ ಲೋಟ ಮತ್ತು ತಣ್ಣೀರು.

4. ಮೊದಲ ಅವಧಿ

*ಹಂತ 1: ಪೀಠಿಕೆ (5 ನಿಮಿಷ)*

ಶಿಕ್ಷಕರು ಕೇಳಬಹುದಾದ ಪ್ರಶ್ನೆಗಳು: ನಮ್ಮ ಊರಿನಲ್ಲಿ ಅತಿ ಸೆಕೆಯ ತಿಂಗಳು ಯಾವುದು? ಕಳೆದ ಬೇಸಿಗೆ ಎಂದಿನಂತೆ ಇತ್ತೇ? ‘ಎಂದಿನಂತೆ’ ಎಂದು ನೀವು ಹೇಗೆ ಹೇಳಿದಿರಿ? ಮೂರನೇ ಪ್ರಶ್ನೆಗೆ ‘ಸರಾಸರಿ ನೋಡಿ’ ಎಂಬ ಉತ್ತರ ಬಂದರೆ ಅದನ್ನು ಸರಿ ಅಥವಾ ತಪ್ಪು ಎನ್ನದೆ ಹಲಗೆಯ ಮೂಲೆಯಲ್ಲಿ ಬರೆದಿಡಿ. ಮುಂದಿನ ಹಂತಕ್ಕೆ ಅದೇ ಬುನಾದಿ.

*ಹಂತ 2: ಸರಾಸರಿ ವರ್ಷದ ಪರೀಕ್ಷೆ (15 ನಿಮಿಷ)*

ಹಲಗೆಯ ಮೇಲೆ ಎರಡು ವರ್ಷಗಳ ನಾಲ್ಕು ದಿನಗಳನ್ನು ಬರೆಯಿರಿ. ಇವು ಪಾಠಕ್ಕಾಗಿ ರಚಿಸಿದ ಅಂಕಿಗಳು ಎಂದು ಮಕ್ಕಳಿಗೆ ಮೊದಲೇ ಹೇಳಿ.

ಮೊದಲ ವರ್ಷ: 30, 22, 30, 22 ಡಿಗ್ರಿ
ಎರಡನೇ ವರ್ಷ: 22, 30, 22, 30 ಡಿಗ್ರಿ

ನಿಯಮ: ಹೊರಗೆ 26 ಡಿಗ್ರಿ ದಾಟಿದರೆ ಮಾತ್ರ ತಂಪು ಯಂತ್ರ ಚಾಲೂ. ದಾಟಿದ ಒಂದೊಂದು ಡಿಗ್ರಿಗೆ ಒಂದು ಯೂನಿಟ್ ವಿದ್ಯುತ್.

ಶಿಕ್ಷಕರು: ಮೊದಲ ವರ್ಷಕ್ಕೆ ಎಷ್ಟು ಯೂನಿಟ್?
ವಿದ್ಯಾರ್ಥಿಗಳು: 4 + 0 + 4 + 0, ಒಟ್ಟು 8.
ಶಿಕ್ಷಕರು: ಎರಡನೇ ವರ್ಷಕ್ಕೆ?
ವಿದ್ಯಾರ್ಥಿಗಳು: ಅದೂ 8, ಸರ್.
ಶಿಕ್ಷಕರು: ಈಗ ಎರಡೂ ವರ್ಷಗಳ ದಿನದಿನದ ಸರಾಸರಿ ತೆಗೆದು ಒಂದು ‘ಸರಾಸರಿ ವರ್ಷ’ ಮಾಡಿ.
ವಿದ್ಯಾರ್ಥಿಗಳು: 26, 26, 26, 26.
ಶಿಕ್ಷಕರು: ಇದಕ್ಕೆ ಎಷ್ಟು ಯೂನಿಟ್?
ವಿದ್ಯಾರ್ಥಿಗಳು: ಸೊನ್ನೆ!

ಇಲ್ಲಿ ಸ್ವಲ್ಪ ನಿಲ್ಲಿ. ಎರಡು ವರ್ಷಗಳಲ್ಲೂ 8 ಯೂನಿಟ್ ಬೇಕಾದ ಕಟ್ಟಡಕ್ಕೆ ಸರಾಸರಿ ವರ್ಷದಲ್ಲಿ ಏನೂ ಬೇಡ ಎಂಬ ಉತ್ತರ ಬಂದಿದೆ. ಕೂಡುವುದರಲ್ಲಿ ತಪ್ಪಿಲ್ಲ, ಭಾಗಿಸುವುದರಲ್ಲೂ ತಪ್ಪಿಲ್ಲ. ಹಾಗಾದರೆ ಎಲ್ಲಿ ಹೋಯಿತು 8 ಯೂನಿಟ್? ಮಕ್ಕಳೇ ಹುಡುಕಲಿ. ‘ಬಿಸಿ ದಿನವೂ ಹೋಯಿತು, ತಂಪು ದಿನವೂ ಹೋಯಿತು, ಎರಡೂ ಬೆರೆತವು’ ಎಂಬ ಅರ್ಥದ ಮಾತು ಯಾವುದಾದರೂ ಬೆಂಚಿನಿಂದ ಬಂದೇ ಬರುತ್ತದೆ. ಅದನ್ನು ಮಗುವಿನ ಮಾತಿನಲ್ಲೇ ಹಲಗೆಗೆ ಏರಿಸಿ.

ಬಿಸಿಲಿಗೂ ಇದೇ ಮಾತು ಅನ್ವಯ. ಒಂದು ಜೂನ್ ದಿನ ಸುಡುಬಿಸಿಲು, ಇನ್ನೊಂದು ವರ್ಷದ ಅದೇ ದಿನ ದಟ್ಟ ಮೋಡ. 30 ವರ್ಷಗಳ ಸರಾಸರಿ ತೆಗೆದರೆ ವರ್ಷದ ಪ್ರತಿ ದಿನವೂ ಅರೆಮೋಡ, ಪ್ರತಿ ದಿನವೂ ಅರೆಬಿಸಿಲು. ಅಂಥ ಊರು ಭೂಮಿಯ ಮೇಲೆ ಇಲ್ಲ. ಹಾಗಾಗಿ ಗಂಟೆಗಂಟೆಯ ಸರಾಸರಿಯಿಂದ ವರ್ಷವನ್ನು ತಯಾರಿಸುವುದನ್ನು ಎಂಜಿನಿಯರುಗಳು ಕೈಬಿಟ್ಟು, ನಿಜವಾಗಿ ನಡೆದ ತಿಂಗಳುಗಳಿಂದ ಆರಿಸುತ್ತಾರೆ ಎಂದು ಹೇಳಿ ಮುಂದಿನ ಹಂತಕ್ಕೆ ಬನ್ನಿ.

*ಹಂತ 3: ಚೀಟಿ ಆಟ (20 ನಿಮಿಷ)*

ತರಗತಿಯನ್ನು ನಾಲ್ಕು ಗುಂಪು ಮಾಡಿ. ಪ್ರತಿ ಗುಂಪು ಒಂದು ‘ವರ್ಷ’. ಏಪ್ರಿಲ್ ತಿಂಗಳ ಹತ್ತು ದಿನಗಳ ಗರಿಷ್ಠ ಉಷ್ಣಾಂಶದ ಹತ್ತು ಚೀಟಿಗಳು ಪ್ರತಿ ಗುಂಪಿಗೆ.

ಕ: 31, 32, 33, 31, 34, 33, 35, 36, 34, 32
ಖ: 32, 33, 35, 34, 36, 35, 37, 38, 37, 38
ಗ: 33, 31, 34, 35, 33, 36, 37, 34, 36, 32
ಘ: 31, 32, 31, 32, 31, 37, 38, 37, 38, 38

ಪ್ರತಿ ಗುಂಪು ತನ್ನ ಸರಾಸರಿ ಕಂಡುಹಿಡಿಯಲಿ. ಕ 33.1, ಖ 35.5, ಗ 34.1, ಘ 34.5. ಎಲ್ಲ 40 ದಿನಗಳ ಮೊತ್ತ 1372, ಸರಾಸರಿ 34.3.

ಈಗ 1976ರ ವಿಧಾನದಂತೆ ‘ಔಟ್’ ಮಾಡುವ ಆಟ. ಅತಿ ಹೆಚ್ಚು ಸರಾಸರಿಯ ಖ ಕುಳಿತುಕೊಳ್ಳಲಿ. ಅತಿ ಕಡಿಮೆಯ ಕ ಕುಳಿತುಕೊಳ್ಳಲಿ. ಉಳಿದವು ಗ ಮತ್ತು ಘ. ಮುಂದೆ? ‘ಹೆಚ್ಚಿನದು’ ತೆಗೆದರೆ ಘ ಹೋಗುತ್ತದೆ, ‘ಕಡಿಮೆಯದು’ ತೆಗೆದರೆ ಗ ಹೋಗುತ್ತದೆ. ಒಟ್ಟು ಸರಾಸರಿ 34.3ಕ್ಕೆ ಎರಡೂ ಸರಿಯಾಗಿ 0.2 ದೂರದಲ್ಲಿವೆ. ಸರಾಸರಿ ಇಲ್ಲಿಗೆ ಕೈಚೆಲ್ಲುತ್ತದೆ.

ಗ ಮತ್ತು ಘ ಗುಂಪಿನ ಮಕ್ಕಳು ತಮ್ಮ ಚೀಟಿಗಳನ್ನು ಎತ್ತಿ ಹಿಡಿದು ಸಾಲಾಗಿ ನಿಲ್ಲಲಿ. ಘ ಗುಂಪಿನ ಸರಾಸರಿ 34.5, ಮಧ್ಯಾಂಕವೂ 34.5. ಆದರೆ 33ರಿಂದ 36ರವರೆಗಿನ ಒಂದು ದಿನವೂ ಆ ಗುಂಪಿನಲ್ಲಿಲ್ಲ. ಇದನ್ನು ಶಿಕ್ಷಕರು ಹೇಳಬಾರದು, ಮಕ್ಕಳು ಕಾಣಬೇಕು. ‘ಇವೆರಡರಲ್ಲಿ ಯಾವುದು 40 ದಿನಗಳಿಗೆ ಹೆಚ್ಚು ಹೋಲುತ್ತದೆ? ಕಣ್ಣಿಗೆ ಕಂಡದ್ದನ್ನು ಅಂಕಿಯಲ್ಲಿ ಹೇಳುವುದು ಹೇಗೆ?’ ಎಂಬ ಪ್ರಶ್ನೆಯೊಂದಿಗೆ ಮೊದಲ ಅವಧಿ ಮುಗಿಸಿ. ಉತ್ತರ ಕೊಟ್ಟು ಮುಗಿಸಬೇಡಿ.

5. ಎರಡನೇ ಅವಧಿ

*ಹಂತ 4: ಸಂಚಿತ ಆವೃತ್ತಿಯಿಂದ ಹೋಲಿಕೆ (18 ನಿಮಿಷ)*

ಪ್ರತಿ ಗುಂಪು ತನ್ನ ಹತ್ತು ದಿನಗಳಲ್ಲಿ 32ರವರೆಗೆ ಎಷ್ಟು, 34ರವರೆಗೆ ಎಷ್ಟು, 36ರವರೆಗೆ ಎಷ್ಟು, 38ರವರೆಗೆ ಎಷ್ಟು ಎಂದು ಎಣಿಸಲಿ. ಎಲ್ಲ ಸೇರಿದಾಗ ಬರುವ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಒಟ್ಟಾರೆ ಗುಂಪಿನ ಸಾಲು ಸಿಗುತ್ತದೆ.

| ಗುಂಪು | 32ರವರೆಗೆ | 34ರವರೆಗೆ | 36ರವರೆಗೆ | 38ರವರೆಗೆ |
|---|---|---|---|---|
| ಕ | 4 | 8 | 10 | 10 |
| ಖ | 1 | 3 | 6 | 10 |
| ಗ | 2 | 6 | 9 | 10 |
| ಘ | 5 | 5 | 5 | 10 |
| ಒಟ್ಟಾರೆ (10 ದಿನಕ್ಕೆ) | 3 | 5.5 | 7.5 | 10 |

ಒಂದೇ ಗ್ರಾಫ್ ಹಾಳೆಯಲ್ಲಿ ಒಟ್ಟಾರೆ ರೇಖೆಯನ್ನು ಕಪ್ಪಿನಲ್ಲಿ, ತಮ್ಮ ರೇಖೆಯನ್ನು ಬಣ್ಣದಲ್ಲಿ ಎಳೆಯಲಿ. ನಂತರ ಪ್ರತಿ ಮಿತಿಯಲ್ಲೂ ಎರಡು ರೇಖೆಗಳ ನಡುವಿನ ಲಂಬ ಅಂತರ ಅಳೆಯಲಿ. ಹೆಚ್ಚೋ ಕಡಿಮೆಯೋ ಎಂಬುದು ಬೇಡ, ಅಂತರ ಮಾತ್ರ ಸಾಕು.

ಕ: 1 + 2.5 + 2.5 + 0 = 6
ಖ: 2 + 2.5 + 1.5 + 0 = 6
ಗ: 1 + 0.5 + 1.5 + 0 = 3
ಘ: 2 + 0.5 + 2.5 + 0 = 5

ಸರಾಸರಿಯಲ್ಲಿ ಸಮಬಲವಾಗಿದ್ದ ಗ ಮತ್ತು ಘ ಈಗ 3 ಮತ್ತು 5. ಗ ಗೆದ್ದಿತು. ಓಜೀವ್ ಎಳೆಯುವುದರಿಂದ ಏನು ಉಪಯೋಗ ಎಂಬ ಪ್ರಶ್ನೆಗೆ ಉತ್ತರ ಮಕ್ಕಳ ಗ್ರಾಫ್ ಹಾಳೆಯಲ್ಲೇ ಇದೆ: ಸರಾಸರಿ ಒಂದು ಬಿಂದುವನ್ನು ಮಾತ್ರ ಹೋಲಿಸಿತು, ಓಜೀವ್ ಇಡೀ ಹಂಚಿಕೆಯನ್ನು ಹೋಲಿಸಿತು.

ಸ್ಯಾಂಡಿಯಾ ವಿಧಾನದ ತಿರುಳೂ ಇದೇ ಎಂದು ಇಲ್ಲಿ ಹೇಳಿ. ಅಲ್ಲಿ ವರ್ಗಾಂತರಗಳ ಬದಲು ತಿಂಗಳ ಪ್ರತಿ ದಿನದ ಅಂಕಿಗೂ ಅಂತರ ಅಳೆಯುತ್ತಾರೆ. ಹತ್ತು ದಿನಗಳ ಬದಲು ಇಡೀ ತಿಂಗಳು, ನಾಲ್ಕು ವರ್ಷಗಳ ಬದಲು ಹಲವು ದಶಕಗಳು.

*ಹಂತ 5: ಓಜೀವ್ ಕಾಣದ ಒಂದು ಸಂಗತಿ (5 ನಿಮಿಷ)*

ಗ ಗುಂಪಿನ ಚೀಟಿಗಳನ್ನೇ ಏರಿಕೆಯ ಕ್ರಮದಲ್ಲಿ ಜೋಡಿಸಿ: 31, 32, 33, 33, 34, 34, 35, 36, 36, 37. ಓಜೀವ್ ಬದಲಾಯಿತೇ? ಇಲ್ಲ. ಆದರೆ ಮೊದಲು 35 ಮತ್ತು ಮೇಲ್ಪಟ್ಟ ದಿನಗಳು ಸತತವಾಗಿ ಬಂದದ್ದು ಹೆಚ್ಚೆಂದರೆ ಎರಡು, ಈಗ ನಾಲ್ಕು. ನಾಲ್ಕು ದಿನ ಬಿಡದೆ ಕಾದ ಆರ್.ಸಿ.ಸಿ. ಛಾವಣಿ ರಾತ್ರಿಯೂ ಆರುವುದಿಲ್ಲ ಎಂಬುದು ಮಹಡಿಯಲ್ಲಿ ಮಲಗುವ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಕೊನೆಯ ಆಯ್ಕೆಯಲ್ಲಿ ಸತತ ದಿನಗಳನ್ನೂ ಎಣಿಸುತ್ತಾರೆ. ಸತತ ದಿನಗಳ ಸರಣಿ ಅತಿ ಉದ್ದವಾದ ತಿಂಗಳು, ಸರಣಿಗಳು ಅತಿ ಹೆಚ್ಚಿರುವ ತಿಂಗಳು, ಸರಣಿಯೇ ಇಲ್ಲದ ತಿಂಗಳು ಇವುಗಳನ್ನು ಬಿಟ್ಟುಬಿಡುತ್ತಾರೆ.

*ಹಂತ 6: ಯಾವುದಕ್ಕೆ ಎಷ್ಟು ತೂಕ? (12 ನಿಮಿಷ)*

ಮೊದಲು ಇಬ್ಬನಿ ಬಿಂದುವಿನ ಪರಿಚಯ. ಸ್ಟೀಲ್ ಲೋಟಕ್ಕೆ ತಣ್ಣೀರು ಹಾಕಿ ಮೇಜಿನ ಮೇಲಿಡಿ. ಸ್ವಲ್ಪ ಹೊತ್ತಿನಲ್ಲಿ ಹೊರಮೈ ಬೆವರುತ್ತದೆ. ಗಾಳಿ ಎಷ್ಟು ತಣ್ಣಗಾದರೆ ಅದರಲ್ಲಿನ ತೇವ ಹನಿಯಾಗುತ್ತದೆಯೋ ಆ ಉಷ್ಣಾಂಶವೇ ಇಬ್ಬನಿ ಬಿಂದು. ಅದು ಹೆಚ್ಚಿದ್ದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಲೋಟ ಬೆವರದಿದ್ದರೆ ಅದೂ ಉತ್ತರವೇ: ಇಂದಿನ ಗಾಳಿ ಒಣಗಾಳಿ, ನೀರು ಸಾಕಷ್ಟು ತಣ್ಣಗಿಲ್ಲ.

ನಂತರ 1978ರ ತೂಕಗಳನ್ನು ಹಲಗೆಯ ಮೇಲೆ ಬರೆಯಿರಿ. ಉಷ್ಣಾಂಶದ ಗರಿಷ್ಠಕ್ಕೆ 1, ಕನಿಷ್ಠಕ್ಕೆ 1, ಸರಾಸರಿಗೆ 2, ಇಬ್ಬನಿ ಬಿಂದುವಿಗೂ ಹಾಗೆಯೇ 1, 1, 2, ಗಾಳಿಯ ವೇಗದ ಗರಿಷ್ಠಕ್ಕೆ 2, ಸರಾಸರಿಗೆ 2, ಬಿಸಿಲಿಗೆ 12. ಮೊತ್ತ 24. ಅಂದರೆ ಅರ್ಧ ತೂಕ ಬಿಸಿಲೊಂದಕ್ಕೇ. ಮುಂದಿನ ಆವೃತ್ತಿಗಳಲ್ಲಿ ಮೊತ್ತವನ್ನು 20 ಮಾಡಿ, ಒಟ್ಟು ಬಿಸಿಲಿಗೆ 5, ನೇರ ಬಿಸಿಲಿಗೆ 5 ಕೊಟ್ಟರು. ಆಗಲೂ ಅರ್ಧ ಸೂರ್ಯನದೇ.

ತೂಕದ ಪರಿಣಾಮ ತೋರಿಸಲು ಒಂದು ಚಿಕ್ಕ ಲೆಕ್ಕ. ಪ ಎಂಬ ತಿಂಗಳಿನಲ್ಲಿ ಬಿಸಿಲಿನ ಅಂತರ 0.04, ಉಷ್ಣಾಂಶದ ಅಂತರ 0.10. ಫ ಎಂಬ ತಿಂಗಳಿನಲ್ಲಿ ಬಿಸಿಲಿನದು 0.09, ಉಷ್ಣಾಂಶದ್ದು 0.05.

ಎರಡಕ್ಕೂ ಅರ್ಧರ್ಧ ತೂಕ: ಪ 0.07, ಫ 0.07. ಸಮ.
ಬಿಸಿಲಿಗೆ ಮುಕ್ಕಾಲು, ಉಷ್ಣಾಂಶಕ್ಕೆ ಕಾಲು: ಪ 0.055, ಫ 0.08. ಪ ಆಯ್ಕೆ.
ಬಿಸಿಲಿಗೆ ಕಾಲು, ಉಷ್ಣಾಂಶಕ್ಕೆ ಮುಕ್ಕಾಲು: ಪ 0.085, ಫ 0.06. ಫ ಆಯ್ಕೆ.

ಅಂಕಿಗಳು ಬದಲಾಗಲಿಲ್ಲ, ತೂಕ ಬದಲಾಯಿತು, ‘ಸಾಮಾನ್ಯ ತಿಂಗಳು’ ಬದಲಾಯಿತು. ತೂಕವನ್ನು ನಿರ್ಧರಿಸುವವರು ಮನುಷ್ಯರು. ಛಾವಣಿಯ ಮೇಲೆ ಸೌರ ಫಲಕ ಹಾಕುವವರಿಗೆ ಬಿಸಿಲಿನ ತೂಕ ಹೆಚ್ಚಿರಬೇಕು. ಮಂಗಳೂರಿನಂಥ ತೇವದ ಊರಿನಲ್ಲಿ ತಂಪು ಯಂತ್ರದ ಕೆಲಸದ ಒಂದು ಭಾಗ ಗಾಳಿಯ ನೀರನ್ನು ಹಿಂಡಿ ತೆಗೆಯುವುದೇ. ಅಲ್ಲಿಗೆ ಇಬ್ಬನಿ ಬಿಂದುವಿನ ತೂಕ ಎಷ್ಟಿರಬೇಕು? ಮಕ್ಕಳು ಗುಂಪಿನಲ್ಲಿ ಚರ್ಚಿಸಿ 24 ಅಂಕಗಳನ್ನು ತಾವೇ ಹಂಚಲಿ. ಒಂದೇ ಸರಿಯುತ್ತರ ಇಲ್ಲ. ಕೊಟ್ಟ ಕಾರಣ ಸರಿಯಿರಬೇಕು.

*ಹಂತ 7: ಸಾರಾಂಶ (5 ನಿಮಿಷ)*

ಮೊದಲ ಅವಧಿಯಲ್ಲಿ ಹಲಗೆಯ ಮೂಲೆಗೆ ಬರೆದ ‘ಸರಾಸರಿ ನೋಡಿ’ ಎಂಬ ಉತ್ತರವನ್ನು ಮತ್ತೆ ಬರೆದು, ಅದಕ್ಕೆ ಏನು ಸೇರಿಸಬೇಕು ಎಂದು ಕೇಳಿ.

6. ಮಕ್ಕಳಿಂದ ಬರಬಹುದಾದ ಪ್ರಶ್ನೆಗಳು

*ಮಧ್ಯಾಂಕದಿಂದಲೇ ಆರಿಸಬಹುದಿತ್ತಲ್ಲವೇ?* 40 ದಿನಗಳ ಮಧ್ಯಾಂಕ 34, ಗ ಗುಂಪಿನದೂ 34, ಘ ಗುಂಪಿನದು 34.5. ಇಲ್ಲಿ ಮಧ್ಯಾಂಕವೂ ಗ ಗುಂಪನ್ನೇ ತೋರಿಸುತ್ತದೆ. ಆದರೆ ವ್ಯತ್ಯಾಸ ಅರ್ಧ ಡಿಗ್ರಿ ಮಾತ್ರ. ಘ ಗುಂಪಿನಲ್ಲಿ ನಡುವಿನ ದಿನಗಳೇ ಇಲ್ಲ ಎಂಬುದನ್ನು ಮಧ್ಯಾಂಕ ಹೇಳುವುದಿಲ್ಲ. ಈ ಪ್ರಶ್ನೆ ಕೇಳಿದ ಮಗುವನ್ನು ಮೆಚ್ಚಿಕೊಳ್ಳಿ.

*ಹಾಗಾದರೆ ಅತಿ ಸೆಕೆಯ ದಿನ ಲೆಕ್ಕಕ್ಕೆ ಬರುವುದೇ ಇಲ್ಲವೇ?* ಇಡೀ ಪಾಠದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಯಾರೂ ಕೇಳದಿದ್ದರೆ ಶಿಕ್ಷಕರೇ ಎತ್ತಬೇಕು. 2016ರ ಏಪ್ರಿಲ್ 24ರಂದು ಬೆಂಗಳೂರು 39.2 ಡಿಗ್ರಿ ಕಂಡಿತು. ನಗರದ ದಾಖಲೆ ಅದು. ಸಾಮಾನ್ಯ ತಿಂಗಳನ್ನು ಹುಡುಕುವ ವಿಧಾನ ಇಂಥ ತಿಂಗಳನ್ನು ಪಕ್ಕಕ್ಕೆ ಸರಿಸುವ ಸಂಭವವೇ ಹೆಚ್ಚು. ಸರಿಸಿದರೆ ಆ ದಿನ ಕಡತದಲ್ಲಿ ಇರುವುದಿಲ್ಲ. ಇದು ವಿಧಾನದ ದೋಷವಲ್ಲ, ಅದರ ಉದ್ದೇಶವೇ ಬೇರೆ. ವರ್ಷಗಟ್ಟಲೆ ಸರಾಸರಿ ಎಷ್ಟು ವಿದ್ಯುತ್ ಖರ್ಚಾದೀತು, ಎರಡು ವಿನ್ಯಾಸಗಳಲ್ಲಿ ಯಾವುದು ಉಳಿತಾಯದ್ದು ಎಂಬ ಪ್ರಶ್ನೆಗಳಿಗೆ ಮಾದರಿ ವರ್ಷ ತಕ್ಕದ್ದು. ಅತಿ ಕಠಿಣ ದಿನದಲ್ಲಿ ಯಂತ್ರ ತಡೆದೀತೇ, ವಿದ್ಯುತ್ ಹೋದರೆ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದವರ ಗತಿಯೇನು ಎಂಬುದಕ್ಕೆ ಅದು ತಕ್ಕದ್ದಲ್ಲ. ಅದಕ್ಕೆ ಅತಿ ಬಿಸಿಯ ದಿನಗಳ ಅಂಕಿಗಳನ್ನೇ ಬೇರೆಯಾಗಿ ತೆಗೆದು ನೋಡಬೇಕು. ತಗಡಿನ ಛಾವಣಿಯ ಕೊಠಡಿಯಲ್ಲಿ ಕುಳಿತ ತರಗತಿಗೆ ಈ ವ್ಯತ್ಯಾಸ ಹೆಚ್ಚು ವಿವರಣೆ ಇಲ್ಲದೆಯೂ ಅರ್ಥವಾಗುತ್ತದೆ.

*ಹಳೆಯ ವರ್ಷಗಳ ಅಂಕಿ ಮುಂದಿನ ವರ್ಷಗಳಿಗೆ ಸರಿಹೋಗುತ್ತದೆಯೇ?* ಕಟ್ಟಡ 50 ವರ್ಷ ನಿಲ್ಲುತ್ತದೆ. 1961ರಿಂದ 1990ರವರೆಗಿನ ಅಂಕಿಗಳಿಂದ ಆರಿಸಿದ ‘ಸಾಮಾನ್ಯ’ ಆ ಕಾಲದ ಸಾಮಾನ್ಯ. ಭೂಮಿ ಬಿಸಿಯಾಗುತ್ತಿದೆ, ಊರುಗಳು ಬೆಳೆದು ಮರ ಮತ್ತು ಕೆರೆಗಳು ಕಡಿಮೆಯಾಗಿವೆ. ವಿಶ್ವ ಹವಾಮಾನ ಸಂಸ್ಥೆಯೂ 30 ವರ್ಷಗಳ ಸಾಮಾನ್ಯ ಮೌಲ್ಯಗಳನ್ನು ಕಾಲಕಾಲಕ್ಕೆ ಹೊಸದಾಗಿಸುತ್ತದೆ; ಈಗಿನದು 1991ರಿಂದ 2020ರವರೆಗಿನದು. ಕಡತ ಬಳಸುವವರು ಅದು ಯಾವ ವರ್ಷಗಳಿಂದ ಬಂತು, ಅಳತೆಯ ಕೇಂದ್ರ ಊರ ನಡುವೆ ಇತ್ತೋ ಹೊರಗಿನ ವಿಮಾನ ನಿಲ್ದಾಣದಲ್ಲಿತ್ತೋ ಎಂದು ಮೊದಲು ನೋಡಬೇಕು.

7. ಮೌಲ್ಯಮಾಪನ

1. ನಾಲ್ಕು ದಿನಗಳ ಉಷ್ಣಾಂಶ 29, 21, 27, 23. ಮಿತಿ 25 ಡಿಗ್ರಿ. ದಿನದಿನದ ಲೆಕ್ಕದಂತೆ ಎಷ್ಟು ಯೂನಿಟ್? ಸರಾಸರಿ ಉಷ್ಣಾಂಶದಂತೆ ಎಷ್ಟು? (6, ಸೊನ್ನೆ)
2. ಎರಡು ಗುಂಪುಗಳ ಸರಾಸರಿ ಸಮವಾಗಿದ್ದು ಓಜೀವ್ ಬೇರೆಯಾಗಿರುವ ಐದೈದು ಅಂಕಿಗಳನ್ನು ನೀವೇ ರಚಿಸಿ.
3. ಓಜೀವ್ ಒಂದೇ ಆಗಿದ್ದು ಸತತ ಬಿಸಿ ದಿನಗಳ ಸಂಖ್ಯೆ ಬೇರೆಯಾಗಿರಲು ಸಾಧ್ಯವೇ? ಉದಾಹರಣೆ ಕೊಡಿ.
4. ಕೆಳಗಿನವುಗಳಲ್ಲಿ ಯಾವುದಕ್ಕೆ ಮಾದರಿ ವರ್ಷ ಸಾಕು, ಯಾವುದಕ್ಕೆ ಸಾಲದು? ಕಾರಣ ಬರೆಯಿರಿ. ಅ) ಶಾಲೆಯ ವಾರ್ಷಿಕ ವಿದ್ಯುತ್ ಬಿಲ್ಲಿನ ಅಂದಾಜು. ಆ) ಅತಿ ಸೆಕೆಯ ದಿನ ಲಸಿಕೆ ಇಡುವ ಶೈತ್ಯಕೋಣೆಯ ಯಂತ್ರದ ಸಾಮರ್ಥ್ಯ. ಇ) ಬಿಳಿ ಬಣ್ಣದ ಛಾವಣಿ, ಕಪ್ಪು ಛಾವಣಿಗಳ ಹೋಲಿಕೆ.

ಎರಡನೇ ಪ್ರಶ್ನೆಗೆ ಹೆಚ್ಚು ಅಂಕ ಕೊಡುವುದು ಒಳ್ಳೆಯದು. ಕೊಟ್ಟ ಅಂಕಿಗೆ ಸೂತ್ರ ಹಾಕುವುದಕ್ಕಿಂತ, ಬೇಕಾದ ಗುಣವಿರುವ ಅಂಕಿಗಳನ್ನು ಕಟ್ಟುವುದರಲ್ಲಿ ತಿಳಿವಳಿಕೆ ಚೆನ್ನಾಗಿ ಗೊತ್ತಾಗುತ್ತದೆ.

8. ಮನೆಗೆಲಸ

ಪತ್ರಿಕೆಯಲ್ಲಿ ಬರುವ ತಮ್ಮ ಜಿಲ್ಲೆಯ ಗರಿಷ್ಠ, ಕನಿಷ್ಠ ಉಷ್ಣಾಂಶವನ್ನು ಎರಡು ವಾರ ಬರೆದಿಡುವುದು. ಮೊದಲ ವಾರ ಮತ್ತು ಎರಡನೇ ವಾರಗಳಲ್ಲಿ ಯಾವುದು 14 ದಿನಗಳ ಒಟ್ಟಾರೆ ಹಂಚಿಕೆಗೆ ಹತ್ತಿರ ಎಂದು ನೋಡುವುದು. ಎರಡೇ ವಾರಗಳಿದ್ದಾಗ ಎರಡೂ ಒಟ್ಟಾರೆ ರೇಖೆಗೆ ಸಮ ದೂರದಲ್ಲೇ ಬರುತ್ತವೆ. ಏಕೆ ಎಂದು ಮಕ್ಕಳೇ ಕಂಡುಹಿಡಿಯಲಿ. ಆಮೇಲೆ ಮೂರನೇ ವಾರವನ್ನೂ ಸೇರಿಸಿ ಮತ್ತೆ ನೋಡಲಿ.

9. ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಈ ಪಾಠದಲ್ಲಿ ಎಂಜಿನಿಯರಿಂಗ್ ಭಾಗವನ್ನು ವಿವರಿಸುತ್ತ ಹೋಗುವ ಆಸೆ ಆಗುತ್ತದೆ. ತರಗತಿಗೆ ಬೇಕಾದದ್ದು 8760 ಎಂಬ ಸಂಖ್ಯೆ, ಒಂಬತ್ತು ಅಂಶಗಳು, ತೂಕದ ಪಟ್ಟಿ ಇಷ್ಟೇ. ಎರಡನೇ ಭಾಗದಲ್ಲಿ ಹೇಳಿರುವ ಉಳಿದ ವಿವರಗಳು ಪ್ರಶ್ನೆ ಬಂದಾಗ ಶಿಕ್ಷಕರ ಕೈಯಲ್ಲಿರಲಿ ಎಂದು ಮಾತ್ರ.

ಹಂತ 2ರಲ್ಲಿ ಸೊನ್ನೆ ಬಂದಾಗ ತಕ್ಷಣ ವಿವರಿಸಲು ಹೊರಡಬೇಡಿ. ಆ ಎರಡು ನಿಮಿಷದ ಗದ್ದಲ ಪಾಠದ ಭಾಗವೇ. ಅವಲೋಕಕರು ಅದನ್ನು ತರಗತಿ ನಿರ್ವಹಣೆಯ ಕೊರತೆ ಎಂದು ಗುರುತು ಹಾಕದಿರಲು, ಪಾಠ ಯೋಜನೆಯಲ್ಲಿ ‘ಮುಕ್ತ ಚರ್ಚೆ, 2 ನಿಮಿಷ’ ಎಂದು ಬರೆದುಕೊಳ್ಳಿ.

ಸಮಯ ಸಾಲದಿದ್ದರೆ ಹಂತ 5ನ್ನು ಮುಂದಿನ ದಿನಕ್ಕೆ ಇಡಬಹುದು. ಹಂತ 2 ಮತ್ತು ಹಂತ 4ನ್ನು ಬಿಡುವಂತಿಲ್ಲ. ಆರನೇ ಭಾಗದ ಎರಡನೇ ಪ್ರಶ್ನೆಗೂ ಕೆಲವು ನಿಮಿಷ ಉಳಿಸಿಕೊಳ್ಳಿ. ಯಾವ ಅಂಕಿಯನ್ನು ನೋಡಿದರೂ ಇದರಲ್ಲಿ ಯಾವ ದಿನಗಳು ಬಿಟ್ಟುಹೋಗಿವೆ ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಬಂದರೆ ಘಟಕದ ಉದ್ದೇಶ ಈಡೇರಿದಂತೆ.